ಏಳನೇ ಪಟದ ಪಾದ

ಹಲ್ವಾ ಡಬ್ಬಿಯ ಮುಚ್ಚಳ ಹಾಕಿದ್ದ ಹಾಗೇ ಇತ್ತು. ಒಳಗಿನ ಬಟ್ಟೆಯೂ ಇತ್ತು. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಡಿಸ್ಕ್ ಮಾತ್ರ ಇರಲಿಲ್ಲ.

ಫಿಬ್ರೋನಿಯಾ ಡಬ್ಬಿಯನ್ನು ಬೋರಲು ಹಾಕಿ ಕೊಡವಿದಳು. ಹಾಸಿಗೆ ಎತ್ತಿ ನೋಡಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು. ಚರ್ಚಿನ ಪಕ್ಕದ ಕೋಣೆಯಲ್ಲಿದ್ದ ಮೊದಲ ಡಿಸ್ಕ್ ಕಾಣುತ್ತಿಲ್ಲವೆಂದು ಗೊತ್ತಾಗಿ ಹತ್ತು ನಿಮಿಷವಾಗಿತ್ತು. ‘ಇರಲಿ, ಇನ್ನೊಂದು ಪ್ರತಿ ಮೇಲಿದೆ’ ಎಂದು ಧೈರ್ಯ ಹೇಳಿಕೊಂಡು ಅತಿಥಿ ಕೋಣೆಯ ಮೆಟ್ಟಿಲು ಹತ್ತಿ ಬಂದಿದ್ದಳು. ಈಗ ಎರಡೂ ಇಲ್ಲ. ಒಂಬತ್ತು ದಿನದ ಕೆಲಸ ಇಲ್ಲ.

ನೈಲ್ ದಂಡೆಯ ನಮ್ಮ ಗಿರ್ಗಾ ಠಾಣೆಗೆ ಫೋನ್ ಬಂದಾಗ ಬೆಳಿಗ್ಗೆ ಹತ್ತೂವರೆ. ರಂಜಾನ್ ತಿಂಗಳ ಇಪ್ಪತ್ತನೇ ದಿನ. ನಾನು ಮೇಜಿನ ಮೇಲೆ ತಲೆಯಿಟ್ಟಿದ್ದೆ. ಸಾಹೇಬರನ್ನು ಇಲ್ಲಿ ಬಾಷಾ ಅನ್ನುತ್ತಾರೆ; ನನ್ನ ಮಖ್ಲೂಫ್ ಬಾಷಾ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದರು. ಹಳೆಯ ಗೋರಿ, ಹಳೆಯ ಕಲ್ಲು, ಹಳೆಯ ಪಟಗಳ ಕಳ್ಳತನ ಹುಡುಕುವ ಪೊಲೀಸ್ ವಿಭಾಗದಲ್ಲಿ ಅವರಿಗೆ ಇಪ್ಪತ್ತೆಂಟು ವರ್ಷ. ನಿವೃತ್ತಿಗೆ ನಾಲ್ಕೇ ತಿಂಗಳು. ಎರಡೂ ಮಂಡಿ ಹೋಗಿದ್ದವು. ಅವರ ಜೊತೆ ಹನ್ನೆರಡು ವರ್ಷ ಜೀಪು ಓಡಿಸಿ, ಹೇಳಿಕೆ ಬರೆದುಕೊಂಡು, ನನ್ನ ಸೊಂಟವೂ ಹೋಗಿತ್ತು.

“ಯಾರದು ರಶ್ವಾನ್?”

“ಕೋಮ್ ಅನ್ನಖ್ಲ್ ಚರ್ಚಿಂದ ಬಾಷಾ. ಕಳ್ಳತನ ಅಂತೆ.”

“ಪಟ ಹೋಯ್ತಾ?”

“ಪಟ ಎಲ್ಲಾ ಇದ್ಯಂತೆ. ಪಟದ ಪ್ರತಿ ಹೋಗಿದ್ಯಂತೆ.”

ಅವರು ಒಂದೇ ಒಂದು ಕಣ್ಣು ತೆರೆದರು. “ಏನಂದೆ?”

“ನಂಗೂ ಅರ್ಥ ಆಗಲಿಲ್ಲ.”

“ಅರ್ಥ ಆಗದೇ ಇರೋದೆಲ್ಲ ನಮ್ಮ ಪಾಲಿಗೇ ಬರುತ್ತೆ. ಜೀಪ್ ತೆಗಿ.”

ಹೊರಗೆ ಮರುಭೂಮಿಯ ಗಾಳಿ. ಖರ್ಜೂರದ ತೋಪುಗಳೆಲ್ಲ ಹಳದಿ ಪರದೆಯ ಹಿಂದೆ ನಿಂತ ಹಾಗಿದ್ದವು. ಅರ್ಧ ಗಂಟೆಯ ದಾರಿಯಲ್ಲಿ ನಾವು ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದರೆ ಮಣ್ಣು; ತೊಳೆದುಕೊಳ್ಳಲು ಒಂದು ಗುಟುಕು ನೀರು ಕುಡಿಯುವಂತಿಲ್ಲ.

ಚರ್ಚಿನ ಬಾಗಿಲಲ್ಲಿ ಮೂವರು ಕಾಯುತ್ತಿದ್ದರು. ಪಾದ್ರಿ ಬಿಸಾದಾ, ಎಲ್ಲರೂ ಅಬೂನಾ ಅನ್ನುವವರು, ನಲವತ್ತರ ಆಸುಪಾಸು, ಉಪವಾಸದಿಂದ ಕೆನ್ನೆ ಒಳಗೆ ಹೋಗಿತ್ತು. ಅವರದೂ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ನಡೆದಿತ್ತು. ಪಕ್ಕದಲ್ಲಿ ಅತ್ತು ಕಣ್ಣು ಕೆಂಪಾದ ಫಿಬ್ರೋನಿಯಾ. ಪಟಗಳ ಪ್ರತಿ ತೆಗೆಯುವ ಯಂತ್ರ ನಡೆಸುವವಳು, ಇಪ್ಪತ್ತೇಳು ವರ್ಷ. ಮೂರನೆಯವರು ಅವಳ ಮೇಲಿನವರು, ವಹ್ಬಾ; ಗುರು ಅಂತ ಎಲ್ಲರೂ ಉಸ್ತಾಜ್ ಅನ್ನುತ್ತಾರೆ. ಹಳೆಯ ಪಟಗಳನ್ನು ಸರಿಪಡಿಸುವುದರಲ್ಲಿ ಕೈರೋದಲ್ಲಿ ದೊಡ್ಡ ಹೆಸರು. ದಪ್ಪ ದೇಹ, ಬಿಳಿ ಗಡ್ಡ, ಹೆಗಲಿಗೆ ಸವೆದ ಚರ್ಮದ ಚೀಲ. ದೂರಿನ ಕಾಗದವನ್ನು ಅವರೇ ಬರೆದು ಸಿದ್ಧವಾಗಿಟ್ಟಿದ್ದರು.

“ಬನ್ನಿ ಬಾಷಾ, ಮೊದಲು ಜಾಗ ತೋರಿಸ್ತೀನಿ.”

ಒಳಗೆ ತಂಪು, ಕತ್ತಲೆ, ಧೂಪದ ವಾಸನೆ. ಎಡಗೋಡೆಗೆ ಸಾಲಾಗಿ ಹನ್ನೊಂದು ಪಟ, ಇನ್ನೂರು ವರ್ಷದ ಹಿಂದೆ ಮರದ ಹಲಗೆಯ ಮೇಲೆ ಬರೆದ ಸಂತರು. ಗಾಜಿಲ್ಲ, ತಡೆಯಿಲ್ಲ, ಜನ ಬರುತ್ತಾರೆ, ಮುಟ್ಟುತ್ತಾರೆ, ಮುತ್ತಿಡುತ್ತಾರೆ. ಉಸ್ತಾಜ್ ನಮ್ಮ ಮುಂದೆ ನಡೆಯುತ್ತಾ ಒಂದೊಂದು ಪಟದ ಅಂಚಿಗೂ ಬೆರಳು ತಾಗಿಸಿ ತುಟಿಗೆ ಒತ್ತಿಕೊಳ್ಳುತ್ತಿದ್ದರು, ಅವರ ಜನ ಮಾಡುವ ಹಾಗೆ. ನಡುವೆ ಒಂದು ಕಡೆ ನಿಂತು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. “ಧೂಳು,” ಅಂದರು. ಮತ್ತೆ ಮುಂದಿನ ಪಟ, ಮತ್ತೆ ಬೆರಳು, ಮತ್ತೆ ತುಟಿ.

ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಬಾಷಾ ಆಕಳಿಸುತ್ತಿದ್ದರು.

ಪಕ್ಕದ ಕೋಣೆಯಲ್ಲಿ ಮೂರು ಕಾಲಿನ ಮೇಲೆ ನಿಂತ ಯಂತ್ರ, ಎರಡು ಕ್ಯಾಮೆರಾ, ದೀಪಗಳು. ಒಂದೂ ಕದಲಿರಲಿಲ್ಲ.

“ಇದನ್ನ ಬಿಟ್ಟು ಹೋದ್ನಾ ಕಳ್ಳ?” ಬಾಷಾ ಯಂತ್ರದ ಸುತ್ತ ಒಂದು ಸುತ್ತು ಬಂದರು. “ಅಂಗೈಯಷ್ಟಿರೋ ಎರಡು ಪೆಟ್ಟಿಗೆ ತಗೊಂಡು ಹೋದ್ನಾ?”

“ಅದೇ ನನಗೂ ಆಶ್ಚರ್ಯ,” ಎಂದರು ಉಸ್ತಾಜ್.

ಬಾಷಾ ಕುರ್ಚಿಯೊಂದನ್ನು ಎಳೆದು ಕೂತರು. ಮಂಡಿ ಲಟಕ್ ಅಂದಿತು. “ಒಬ್ಬೊಬ್ಬರೇ ಬನ್ನಿ. ಚಹಾ ಇಲ್ಲದೆ ವಿಚಾರಣೆ ಮಾಡೋದು ನನಗೂ ಕಷ್ಟ, ನಿಮಗೂ ಕಷ್ಟ. ಬೇಗ ಮುಗಿಸೋಣ.”

ಮೊದಲು ಫಿಬ್ರೋನಿಯಾ.

“ಈ ಯಂತ್ರ ಏನು ಮಾಡುತ್ತಮ್ಮಾ? ನನಗೆ ಅರ್ಥ ಆಗೋ ಹಾಗೆ ಹೇಳು. ಹೊಟ್ಟೆ ಖಾಲಿ ಇದ್ರೆ ತಲೆ ಓಡಲ್ಲ.”

“ಪಟದ ಮೈಯನ್ನ ದಾಖಲೆ ಮಾಡುತ್ತೆ ಬಾಷಾ. ಕ್ಯಾಮೆರಾ ಬಣ್ಣ ನೋಡುತ್ತೆ. ಇದು ಬಣ್ಣ ನೋಡಲ್ಲ, ಮೈ ನೋಡುತ್ತೆ — ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ, ಎಲ್ಲಿ ಬಿರುಕು, ಕುಂಚ ಯಾವ ಕಡೆ ಎಳೆದಿದ್ದು ಎಲ್ಲಾ. ಗೋಡೆಗೆ ಪಕ್ಕದಿಂದ ಬಿಸಿಲು ಬಿದ್ರೆ ಒಂದೊಂದು ಮರಳಿನ ಕಾಳೂ ಕಾಣುತ್ತಲ್ವಾ? ಹಾಗೆ. ತೆರೆ ಮೇಲೆ ನೋಡಿದ್ರೆ ಬೂದಿ ಬಣ್ಣದ ಸುಣ್ಣದ ಗೊಂಬೆ ಥರ ಬರುತ್ತೆ.”

“ಅದರಿಂದ ಏನುಪಯೋಗ?”

“ನಾಳೆ ಈ ಚರ್ಚು ಸುಟ್ಟುಹೋದ್ರೆ? ಈ ನಾಡಲ್ಲಿ ಸುಟ್ಟಿಲ್ವಾ? ಪಟ ಹೋದ್ರೂ ಅದರ ಮೈ ಉಳಿಯುತ್ತೆ.”

“ಒಂದು ಪಟ ಎಷ್ಟು ಹೊತ್ತು?”

“ಆರೇಳು ಗಂಟೆ. ಹನ್ನೊಂದೂ ಮುಗಿದಿತ್ತು. ಇವತ್ತು ಹೊರಡಬೇಕಿತ್ತು.” ಅವಳು ಕಣ್ಣೊರೆಸಿಕೊಂಡಳು. “ಏಳನೇದನ್ನಂತೂ ಎರಡು ಸಲ ಮಾಡಿದ್ವಿ.”

“ಯಾಕೆ?”

“ಕೆಳಗಡೆ ಸರಿಯಾಗಿ ಬರಲಿಲ್ಲ. ಚಪ್ಪಟೆ ಬಂತು. ಯಂತ್ರ ಬಿಸಿಯಾಗಿರ್ಬೇಕು ಅಂತ ಮಾರನೇ ದಿನ ಮತ್ತೆ ಮಾಡಿದೆ. ಮತ್ತೆ ಹಾಗೇ. ಇರಲಿ, ಕೈರೋಗೆ ಹೋಗಿ ಹಳೇ ಫೋಟೋ ಪಕ್ಕ ಇಟ್ಟು ಎಲ್ಲಿ ತಪ್ಪಿದೆ ನೋಡೋಣ ಅಂದೆ.”

“ಯಾರಿಗೆ ಅಂದೆ?”

“ಯಾರಿಗೂ ಅಂತ ಅಲ್ಲ. ನಿನ್ನೆ ಊಟದ ಹೊತ್ತಲ್ಲಿ. ಅಬೂನಾ ಇದ್ರು, ಉಸ್ತಾಜ್ ಇದ್ರು, ಚರ್ಚು ಗುಡಿಸೋ ಹಿನೈನ್ ಕಾಕಾ ಹುರುಳಿಯ ಪಾತ್ರೆ ಹಿಡ್ಕೊಂಡು ನಿಂತಿದ್ರು.”

“ಡಿಸ್ಕ್ ಎರಡು ಇರೋದು ಯಾರಿಗೆ ಗೊತ್ತು?”

“ನನಗೆ, ಉಸ್ತಾಜ್‌ಗೆ. ಯಂತ್ರದಲ್ಲಿ ಏನೂ ಉಳಿಯಲ್ಲ, ಎಲ್ಲಾ ಆ ಎರಡು ಡಿಸ್ಕಲ್ಲೇ. ಎರಡನೇದನ್ನ ಬೇರೆ ಜಾಗದಲ್ಲಿಡು ಅಂತ ಹೇಳಿಕೊಟ್ಟವರೇ ಅವರು. ಐದು ವರ್ಷದಿಂದ ನನಗೆ ಎಲ್ಲಾ ಕಲಿಸಿದ್ದು ಅವರೇ. ಕಂಪ್ಯೂಟರ್ ಒಂದು ಬಿಟ್ಟು —” ಅಳುವಿನ ನಡುವೆಯೇ ಅವಳು ನಕ್ಕಳು. “ಪಾಪ, ಅವರಿಗೆ ಫೋನಲ್ಲಿ ಒಂದು ಫೋಟೋ ಕಳಿಸೋಕೂ ಬರಲ್ಲ. ನನ್ನನ್ನೇ ಕರೀತಾರೆ.”

“ಬೆಳಿಗ್ಗೆ ಎಷ್ಟು ಹೊತ್ತಿಗೆ ನೋಡಿದ್ದೆ ಎರಡನ್ನೂ?”

“ಏಳಕ್ಕೆ. ಆಮೇಲೆ ಊರೊಳಗೆ ಬಿಸಿಲು ರೊಟ್ಟಿ ತರೋಕೆ ಹೋದೆ. ಹಿಟ್ಟು ಬಿಸಿಲಲ್ಲಿ ಉಬ್ಬಿ, ಅವರು ಸುಟ್ಟು ಕೊಡೋವರೆಗೂ ಕಾದು ಹತ್ತಕ್ಕೆ ಬಂದೆ.”

ಅಬೂನಾ ಬಿಸಾದಾ ಏಳರಿಂದ ಹತ್ತರವರೆಗೆ ಗಿರ್ಗಾದಲ್ಲಿ ಒಂದು ಸಾವಿನ ಮನೆಯಲ್ಲಿದ್ದರು. ಇಡೀ ಬೀದಿ ಅವರನ್ನು ನೋಡಿತ್ತು. ಉಸ್ತಾಜ್ ವಹ್ಬಾ ಅತಿಥಿ ಮನೆಯ ಜಗಲಿಯಲ್ಲಿ ಒರಗಿದ್ದರಂತೆ. ರಕ್ತದೊತ್ತಡ, ತಲೆಸುತ್ತು.

“ಪಕ್ಕದ ಕೋಣೆ ಕೀಲಿ?”

“ಒಂದು ನನ್ನ ಹತ್ರ, ಒಂದು ಹಿನೈನ್ ಹತ್ರ.” ಉಸ್ತಾಜ್ ಗಡ್ಡ ಸವರಿಕೊಂಡರು. “ಆ ಮುದುಕನ ಮೇಲೆ ನಾನು ಏನೂ ಹೇಳಲ್ಲ ಬಾಷಾ.”

“ಏನು ಹೇಳಲ್ಲ?”

“ಯಂತ್ರಾನ ನೈಲಿಗೆ ಹಾಕ್ತೀನಿ ಅಂತ ಅವನು ಕೂಗಾಡಿದ್ದು ಎಲ್ಲರಿಗೂ ಗೊತ್ತು. ನಾನು ಯಾಕೆ ಹೇಳಲಿ?”

“ಮುಂಚೆ ಯಾವತ್ತಾದ್ರೂ ಈ ಊರಿಗೆ ಬಂದಿದ್ರಾ ಉಸ್ತಾಜ್?”

“ಇಲ್ಲ. ನೈಲ್ ನದಿಯ ಈ ಕಡೆಗೇ ಬಂದವನಲ್ಲ.”

ಹಿನೈನ್ ಕಾಕಾಗೆ ಎಪ್ಪತ್ತನಾಲ್ಕು. ಐವತ್ತು ವರ್ಷದಿಂದ ಚರ್ಚು ಗುಡಿಸುವವನು, ದೀಪ ಹಚ್ಚುವವನು, ಗಂಟೆ ಹೊಡೆಯುವವನು. ಪೊರಕೆ ಕೈಯಲ್ಲಿ ಹಿಡಿದೇ ಒಳಗೆ ಬಂದ.

“ಯಂತ್ರ ನೈಲ್‌ಗೆ ಹಾಕ್ತೀನಿ ಅಂದಿದ್ದು ನಿಜಾನಾ ಕಾಕಾ?”

“ಅಂದೇನ್ರಿ ಬಾಷಾ. ಸುಳ್ಳ್ಯಾಕ ಹೇಳ್ಲಿ? ಒಂಬತ್ತ್ ದಿನ ಸಂತರ ಮಾರಿ ಮ್ಯಾಲೆ ಬೆಳಕ ಬಿಟ್ಟಾರ. ನನ್ನ ಮಾರಿ ಮ್ಯಾಲೆ ಯಾರರೆ ಹಂಗ ಬಿಟ್ಟಿದ್ರ ಒದ್ದ ಬಿಡ್ತಿದ್ದೆ.”

“ಬೆಳಿಗ್ಗೆ ಏನು ಮಾಡ್ತಿದ್ರಿ?”

“ಗುಡಸ್ತಿದ್ದೆ. ಈ ಗಾಳಿಯಾಗ ಮತ್ತೇನ ಮಾಡ್ತಾರ? ಇಲ್ಲಿ ಗುಡಸಿ ಅಲ್ಲಿ ಹೋದ್ರ ಇಲ್ಲಿ ಮತ್ತ ಮಣ್ಣು.”

“ಅತಿಥಿ ಕೋಣೇನೂ ಗುಡಿಸಿದ್ರಾ?”

“ಹೂಂ. ಎರಡೂ ಖೋಲಿ.”

“ಹಾಗಾದ್ರೆ ತಗೊಂಡಿದ್ದು ನೀವೇ.”

ಮುದುಕ ಪೊರಕೆಯನ್ನು ನೆಲಕ್ಕೆ ಕುಕ್ಕಿದ. “ಏನ ತಗೊಂಡೇನ್ರಿ? ಆ ಮೂರ ಕಾಲಿನ ಪಿಶಾಚಿ ಅಲ್ಲೇ ನಿಂತೈತಲ್ಲ! ಇವ್ರು ಹಿಡದಿದ್ದೆಲ್ಲಾ ಅದ್ರ ಹೊಟ್ಯಾಗ ಐತಿ. ಅದ ಇಲ್ಲೇ ಇದ್ದಮ್ಯಾಲೆ ಕಳವಾಗಿದ್ದು ಏನ್ರಿ? ಮುಂಜಾನೆಯಿಂದ ಎಲ್ಲಾರೂ ಅಳ್ತಾರ, ಏನ್ ಹೋಗೈತಿ ಅಂತ ಒಬ್ಬರೂ ಹೇಳವಲ್ರು.”

ಬಾಷಾ ಅವನನ್ನೇ ನೋಡುತ್ತಾ ಕೂತರು. ಆಮೇಲೆ ನಿಧಾನಕ್ಕೆ, “ಹೋಗಿ ಕಾಕಾ, ಗುಡಿಸಿ,” ಅಂದರು.

ನಾನು ಹಿನೈನನ ಗುಡಿಸಲು ಹುಡುಕಿದೆ. ಬಾವಿಗೆ ಇಣುಕಿದೆ. ಕೋಳಿಗೂಡಿಗೆ ಕೈ ಹಾಕಿ ಕುಕ್ಕಿಸಿಕೊಂಡೆ. ಫಿಬ್ರೋನಿಯಾ ತನ್ನ ಪೆಟ್ಟಿಗೆಗಳನ್ನು ತಾನೇ ತೆರೆದು ಸುರಿದಳು. ಎಲ್ಲೂ ಇಲ್ಲ.

ಮಧ್ಯಾಹ್ನ ಎರಡಕ್ಕೆ ಮೇಲಿನವರ ಫೋನ್. ಅವರ ದನಿ ಎಷ್ಟು ದೊಡ್ಡದಿತ್ತೆಂದರೆ ನನಗೂ ಕೇಳುತ್ತಿತ್ತು. “ಚರ್ಚಿನ ವಿಷಯ, ಅದೂ ರಂಜಾನಲ್ಲಿ. ಸಂಜೆಯೊಳಗೆ ಮುಗಿಸು ಮಖ್ಲೂಫ್. ಬೆದರಿಕೆ ಹಾಕಿದವನು ಒಬ್ಬ ಇದ್ದಾನಂತಲ್ಲ? ಎಳ್ಕೊಂಡು ಬಾ. ಒಂದು ರಾತ್ರಿ ಒಳಗಿಟ್ರೆ ಅವನೇ ಬಾಯಿ ಬಿಡ್ತಾನೆ.”

“ಎಪ್ಪತ್ತನಾಲ್ಕು ವರ್ಷ ಅವನಿಗೆ.”

“ನಿನಗೆ ನಿವೃತ್ತಿ ಬೇಕೋ ಬೇಡವೋ?”

ಫೋನ್ ಜೇಬಿಗೆ ಹಾಕಿ ಬಾಷಾ ಚರ್ಚಿನೊಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತೆ. ಇಬ್ಬರಿಗೂ ಎದ್ದೇಳುವ ಶಕ್ತಿ ಇರಲಿಲ್ಲ.

“ಕರ್ಕೊಂಡು ಹೋಗೋಣ್ವಾ ಬಾಷಾ ಮುದುಕನ್ನ?”

ಕಪ್ಪು ಬಟ್ಟೆಯ ಹೆಂಗಸೊಬ್ಬಳು ಒಳಗೆ ಬಂದಳು. ಸೊಂಟದಲ್ಲಿ ಮಗು, ಮಗುವಿನ ತಲೆ ಒಂದು ಕಡೆ ವಾಲಿತ್ತು. ಅವಳು ಬೇರೆ ಪಟಗಳ ಮುಂದೆ ನಿಲ್ಲಲಿಲ್ಲ, ನೇರ ಏಳನೆಯದರ ಹತ್ತಿರ ಹೋದಳು. ಅದು ಮಾರ್ ತದ್ರೋಸನ ಪಟ: ಕೆಂಪು ಕುದುರೆ, ಮೇಲೆ ಸಂತ, ಕೈಯಲ್ಲಿ ಈಟಿ. ಸಂತನ ಪಾದದ ಹತ್ತಿರ ಬಣ್ಣವೆಲ್ಲ ಹೋಗಿ ಕಂದು ಮರ ಕಾಣುತ್ತಿತ್ತು. ಅವಳು ಆ ಪಾದಕ್ಕೆ ಮುತ್ತಿಟ್ಟಳು. ಮಗುವಿನ ಬಾಯನ್ನೂ ಅದಕ್ಕೆ ತಾಗಿಸಿದಳು. ಗೊಣಗೊಣ ಏನೋ ಹೇಳಿಕೊಂಡಳು. ಹೊರಗೆ ಹೋದಳು.

“ರಶ್ವಾನ್, ಜೀಪಿಂದ ಟಾರ್ಚ್ ತಾ.”

ತಂದುಕೊಟ್ಟೆ. ಬಾಷಾ ಮೊದಲ ಪಟದ ಹತ್ತಿರ ಹೋಗಿ ಟಾರ್ಚನ್ನು ಎದುರಿಗೆ ಹಿಡಿಯದೆ, ಗೋಡೆಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿದರು. ಪಟದ ಮೈಯೆಲ್ಲ ಎದ್ದು ನಿಂತಿತು. ಬಿರುಕು, ಮೇಣದ ಹನಿ, ಕುಂಚದ ಗೀರು. ಕೆಳಗೆ, ಜನ ಮುತ್ತಿಡುವ ಕಡೆ, ಒಂದು ನೆರಳು. ಬಟಾಣಿ ಕಾಳು ಕೂರುವಷ್ಟು ಗುಳಿ. ಎರಡನೇ ಪಟದಲ್ಲೂ ಇತ್ತು, ಮೂರನೆಯದರಲ್ಲೂ ಇತ್ತು. ಒಂದೊಂದಾಗಿ ಹನ್ನೊಂದೂ ನೋಡಿದರು. ಏಳನೆಯದಕ್ಕೆ ವಾಪಸು ಬಂದು ಬಹಳ ಹೊತ್ತು ನಿಂತರು.

“ಎಲ್ಲರನ್ನೂ ಕರಿ,” ಅಂದರು. “ಕಾಕಾನ್ನೂ ಕರಿ. ಬೈದುಕೊಂಡು ಬರ್ತಾನೆ, ಬರಲಿ.”

ನಾಲ್ವರೂ ಬಂದು ನಿಂತರು. ಬಾಷಾ ಬೆಂಚಿನ ತುದಿಗೆ ಕೂತು ಮಂಡಿ ತಿಕ್ಕಿಕೊಂಡರು.

“ನನಗೆ ಸುಸ್ತಾಗಿದೆ. ಒಂದೇ ಸಲ ಹೇಳಿಬಿಡ್ತೀನಿ. ಫಿಬ್ರೋನಿಯಾ, ಆ ಡಿಸ್ಕಲ್ಲಿ ಒಂದು ಪಟ ಯಾರಿಗಾದ್ರೂ ಬೇಡ ಅನ್ನಿಸಿದ್ರೆ ಏನು ಮಾಡ್ಬಹುದು?”

“ಅಳಿಸಿಬಿಡ್ಬಹುದು. ಒಂದು ಗುಂಡಿ ಒತ್ತಿದ್ರಾಯ್ತು.”

“ನೀನಾಗಿದ್ರೆ?”

“ಅದೇ ಮಾಡ್ತಿದ್ದೆ. ಯಾರಿಗೂ ಗೊತ್ತೇ ಆಗ್ತಿರಲಿಲ್ಲ.”

“ಅದಕ್ಕೇ ಕಳ್ಳಿ ನೀನಲ್ಲ. ಅಳಿಸೋಕೆ ಬರದವನು ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದ.” ಅವರು ಹಿನೈನ್ ಕಡೆ ತಿರುಗಿದರು. “ಕಾಕಾಗೂ ಅಳಿಸೋಕೆ ಬರಲ್ಲ. ಆದ್ರೆ ಕಾಕಾಗೆ ಪೆಟ್ಟಿಗೆ ಅಂದ್ರೇನು ಅಂತಲೇ ಗೊತ್ತಿಲ್ಲ. ಎಲ್ಲಾ ಯಂತ್ರದ ಹೊಟ್ಟೇಲಿದೆ ಅಂದುಕೊಂಡಿದ್ದಾನೆ. ಇವನು ಕದಿಯೋದಾಗಿದ್ರೆ ಯಂತ್ರಾನೇ ನೈಲಲ್ಲಿರ್ತಿತ್ತು.”

“ಇಗಾ, ಈಗ ಹಾಕ್ಲೇನ್ರಿ?” ಎಂದ ಹಿನೈನ್.

“ಬೇಡ ಕಾಕಾ. ಅಬೂನಾ ಊರಲ್ಲಿರಲಿಲ್ಲ. ಇನ್ನು ಉಳಿದವರು ಯಾರು?”

ಫಿಬ್ರೋನಿಯಾ ಒಂದು ಹೆಜ್ಜೆ ಮುಂದೆ ಬಂದಳು. “ಸಾಧ್ಯವೇ ಇಲ್ಲ ಬಾಷಾ. ದೂರು ಕೊಟ್ಟವರೇ ಅವರು!”

“ದೂರು ಕೊಟ್ಟವರ ಚೀಲ ಯಾರೂ ಹುಡುಕಲ್ಲ. ರಶ್ವಾನ್ ಕೋಳಿಗೂಡಿಗೂ ಕೈ ಹಾಕಿದ. ಆ ಚೀಲ ಬೆಳಗಿಂದ ಅವನ ಕಾಲ ಹತ್ರಾನೇ ಇತ್ತು.”

ನನ್ನ ಕಿವಿ ಬಿಸಿಯಾಯಿತು.

“ಉಸ್ತಾಜ್ ವಹ್ಬಾ,” ಬಾಷಾ ದನಿ ಎತ್ತಲಿಲ್ಲ, “ಬೆಳಿಗ್ಗೆ ನೀವು ಈ ಸಾಲಲ್ಲಿ ಹತ್ತು ಪಟಕ್ಕೆ ಬೆರಳು ತಾಗಿಸಿ ತುಟಿಗಿಟ್ಟುಕೊಂಡ್ರಿ. ಏಳನೇದರ ಮುಂದೆ ಕನ್ನಡಕ ಒರೆಸಿಕೊಂಡ್ರಿ. ಮುಂದೆ ಹೋದ್ರಿ. ಈ ಊರಿನ ಕಾಯಿಲೆ ಮಗು ಮೊದಲು ಬರೋದೇ ಈ ಪಟದ ಹತ್ರ. ನೀವು ಯಾಕೆ ಮುಟ್ಟಲಿಲ್ಲ?”

“ಧೂಳು... ಕಣ್ಣಿಗೆ...”

“ಈ ಹುಡುಗಿಯ ಯಂತ್ರ ಕೆಟ್ಟಿರಲಿಲ್ಲ. ಎರಡು ಸಲವೂ ಸರಿಯಾಗೇ ಹೇಳಿತ್ತು. ನಾವೇ ಕೇಳಿಸಿಕೊಳ್ಳಲಿಲ್ಲ.” ಅವರು ಟಾರ್ಚನ್ನು ಫಿಬ್ರೋನಿಯಾಳ ಕೈಗೆ ಕೊಟ್ಟರು. “ಪಕ್ಕದಿಂದ ಹಿಡಿ. ಆ ಪಾದದ ಹತ್ರ. ಏನು ಕಾಣುತ್ತೆ?”

ಅವಳು ಹಿಡಿದಳು. ಬಗ್ಗಿದಳು. ಇನ್ನೂ ಬಗ್ಗಿದಳು.

“ಗುಳಿ ಇಲ್ಲ,” ಎಂದಳು ಪಿಸುದನಿಯಲ್ಲಿ. “ಬಣ್ಣ ಸವೆದಿಲ್ಲ... ಇದು ಸವೆದ ಹಾಗೆ ಕಾಣೋ ಬಣ್ಣ. ಮರ ಅಲ್ಲ ಇದು. ಮರದ ಬಣ್ಣ ಬಳಿದಿದ್ದಾರೆ.”

“ಉಳಿದ ಹತ್ತರಲ್ಲೂ ಇನ್ನೂರು ವರ್ಷದ ಮುತ್ತು ಗುಳಿ ತೋಡಿದೆ. ಎಲ್ಲಕ್ಕಿಂತ ಹೆಚ್ಚು ಮುತ್ತು ಬಿದ್ದ ಪಟದಲ್ಲಿ ಗುಳಿಯೇ ಇಲ್ಲ. ಸ್ವಲ್ಪ ಹೊಳಪಿದೆ ಅಷ್ಟೇ. ಅಂದ್ರೆ ಇದಕ್ಕೆ ಇನ್ನೂರು ವರ್ಷ ಆಗಿಲ್ಲ. ಅಬೂನಾ, ಈ ಪಟ ಯಾವತ್ತಾದ್ರೂ ಹೊರಗೆ ಹೋಗಿತ್ತಾ?”

ಪಾದ್ರಿ ತಲೆಯಾಡಿಸಿದರು. “ನಾನು ಬಂದು ಎಂಟೇ ವರ್ಷ. ನನಗೆ ಗೊತ್ತಿಲ್ಲ.”

“ಹೋಗಿತ್ತಲ್ರಿ!” ಹಿನೈನ್ ನಡುವೆ ಬಾಯಿ ಹಾಕಿದ. “ದೊಡ್ಡ ಮಳಿ ಬಂದು ಅರ್ಧ ಊರು ಕೊಚ್ಚಿಕೊಂಡ ಹೋತಲ್ಲ, ಆ ವರ್ಷ. ನೀರ ಬಿದ್ದು ಬೂಷ್ಟ ಹಿಡದಿತ್ತು. ಕೈರೋದಿಂದ ಒಬ್ಬ ಸಣಕಲ ಹುಡುಗ ಬಂದು ಒಯ್ದ. ಮೀಸಿ ಅಷ್ಟ ಇತ್ತು, ಗಡ್ಡ ಇರ್ಲಿಲ್ಲ. ಐದ ತಿಂಗಳಿಗೆ ತಿರುಗಿ ಬಂತು.” ಅವನು ಮಾತು ನಿಲ್ಲಿಸಿ ಉಸ್ತಾಜರ ಮುಖವನ್ನೇ ನೋಡಿದ. ಗಡ್ಡ, ಹೊಟ್ಟೆ, ಕನ್ನಡಕ ಎಲ್ಲವನ್ನೂ ಕಣ್ಣಲ್ಲೇ ತೆಗೆದುಹಾಕುತ್ತಿದ್ದ ಹಾಗೆ. “ಯಪ್ಪಾ,” ಎಂದ.

ಉಸ್ತಾಜ್ ವಹ್ಬಾ ಚೀಲದ ಪಟ್ಟಿ ಬಿಚ್ಚಿದರು. ಹತ್ತಿ, ಕುಂಚ, ಸಣ್ಣ ಸೀಸೆಗಳನ್ನು ಬೆಂಚಿನ ಮೇಲೆ ಜೋಡಿಸಿಟ್ಟರು. ತಳದಿಂದ ಎರಡು ಡಿಸ್ಕ್ ತೆಗೆದು ಫಿಬ್ರೋನಿಯಾಳ ಮುಂದೆ ಹಿಡಿದರು. ಅವಳು ಕೈ ಚಾಚಲಿಲ್ಲ. ನಾನು ತಗೊಂಡೆ.

“ನೈಲಿಗೆ ಹಾಕೋಣ ಅಂತಲೇ ಹೊರಟೆ,” ಎಂದರು ಅವರು. “ದಂಡೆವರೆಗೂ ಹೋದೆ. ಉಳಿದ ಹತ್ತು ಪಟ ಇತ್ತಲ್ಲ ಇದರಲ್ಲಿ. ಅಷ್ಟು ಚೆನ್ನಾಗಿ ಮಾಡಿದ್ದಳು. ಆಗಲಿಲ್ಲ.”

“ಕೂತ್ಕೊಳ್ಳಿ,” ಎಂದರು ಅಬೂನಾ. ಉಸ್ತಾಜ್ ನಿಂತೇ ಇದ್ದರು.

“ನನಗೆ ಇಪ್ಪತ್ತೊಂಬತ್ತು ಆಗ. ನನ್ನಷ್ಟು ಬಲ್ಲವರಿಲ್ಲ ಅಂದ್ಕೊಂಡಿದ್ದೆ. ಮೇಲಿನ ಕಪ್ಪಾದ ಮೆರುಗೆಣ್ಣೆ ತೆಗೀಬೇಕಿತ್ತು. ಕುದುರೆ ಚೆನ್ನಾಗಿ ಬಂತು. ಈಟಿ ಬಂತು. ಮೂರನೇ ದಿನ ಮುಖ. ಔಷಧ ಸ್ವಲ್ಪ ಖಾರ ಆಗಿತ್ತು, ಗೊತ್ತಿತ್ತು, ಬೇಗ ಮುಗಿಯಲಿ ಅಂತ ಹಾಗೇ ಹಚ್ಚಿದೆ. ಒರೆಸಿದೆ. ಹತ್ತಿ ತಿರುಗಿಸಿ ನೋಡಿದೆ.” ಅವರ ದನಿಯಲ್ಲಿ ಏರಿಳಿತವೇ ಇರಲಿಲ್ಲ. “ಕಣ್ಣು ಹತ್ತಿಯಲ್ಲಿ ಬಂದಿತ್ತು.”

ಹೊರಗೆ ಗಾಳಿ ಬಾಗಿಲನ್ನು ಬಡಿಯಿತು.

“ಯಾರಿಗೂ ಹೇಳಲಿಲ್ಲ. ಅಷ್ಟೇ ಹಳೆಯ ಹಲಗೆ ಹುಡುಕಿದೆ. ಹೊಸದಾಗಿ ಬರೆದೆ. ನಾಲ್ಕು ತಿಂಗಳು.”

“ಪಾದಕ್ಕೆ ಗುಳಿ ಯಾಕೆ ಮಾಡಲಿಲ್ಲ?” ಬಾಷಾ ಕೇಳಿದರು. “ಅದೊಂದು ಮಾಡಿದ್ರೆ ಯಂತ್ರವೂ ಮೋಸ ಹೋಗ್ತಿತ್ತು.”

“ಉಳಿ ಹಿಡಿದೆ ಬಾಷಾ. ಎರಡು ಮೂರು ಸಲ ಹಿಡಿದೆ. ಅಷ್ಟೊಂದು ತಾಯಂದಿರ ತುಟಿ ಮಾಡಿದ್ದನ್ನ ಕಬ್ಬಿಣದಲ್ಲಿ ಮಾಡೋಕೆ ನನ್ನ ಕೈ ಬರಲಿಲ್ಲ. ಬಣ್ಣದಲ್ಲಿ ಮಾಡಿ ಬಿಟ್ಟೆ. ಬರಿಗಣ್ಣಿಗೆ ಯಾರಿಗೂ ಗೊತ್ತಾಗಲ್ಲ ಅಂತ ಗೊತ್ತಿತ್ತು. ಈ ಯಂತ್ರ ಬರುತ್ತೆ ಅಂತ ಗೊತ್ತಿರಲಿಲ್ಲ. ಈ ಊರ ಹೆಸರು ಪಟ್ಟಿಯಲ್ಲಿ ಕಂಡಾಗಲೂ, ಬರೀ ಫೋಟೋ ತಾನೇ ಅಂದ್ಕೊಂಡೆ. ನಿನ್ನೆ ಊಟದಲ್ಲಿ ಇವಳು ಹಳೇ ಫೋಟೋ ಪಕ್ಕ ಇಟ್ಟು ನೋಡ್ತೀನಿ ಅಂದಾಗ ಭಯ ಆಯ್ತು.”

“ಹಳೆಯದು?” ಅಬೂನಾ ಕೇಳಿದರು. “ಅಸಲು ಪಟ?”

“ನನ್ನ ಮಂಚದ ಕೆಳಗಿದೆ, ಕೈರೋದ ಶುಬ್ರಾದಲ್ಲಿ. ಕಂಬಳಿ ಸುತ್ತಿಟ್ಟಿದ್ದೀನಿ. ಮುಖ ಇಲ್ಲ. ಉಳಿದದ್ದೆಲ್ಲಾ ಇದೆ.”

ಫಿಬ್ರೋನಿಯಾ ಆಗ ಬಾಯಿಬಿಟ್ಟಳು. “ಕಾಕಾನ್ನ ಎಳ್ಕೊಂಡು ಹೋಗಿದ್ರೆ? ಸುಮ್ಮನೆ ನೋಡ್ತಿದ್ರಾ ಉಸ್ತಾಜ್?”

ಅವರು ಹಿನೈನ್ ಕಡೆ ನೋಡಿದರು. “ಗೊತ್ತಿಲ್ಲಮ್ಮ,” ಅಂದರು. “ಮೂವತ್ತೊಂದು ವರ್ಷ ಸುಮ್ಮನೇ ಇದ್ದವನು ನಾನು. ಇನ್ನೂ ಒಂದು ದಿನ ಇರ್ತಿದ್ದೆನೇನೋ.”

ಇಂಥ ಉತ್ತರ ಹೇಳಿಕೆಯಲ್ಲಿ ಬರೆದುಕೊಳ್ಳುವುದು ನನಗೆ ಅದೇ ಮೊದಲು.

ಹಿನೈನ್ ಪಟದ ಮುಂದೆ ಹೋಗಿ ನಿಂತಿದ್ದ. “ತಿರುಗಿ ಬಂದ ದಿನಾನೇ ನಂಗ ಅನಿಸಿತ್ತು,” ಎಂದ. “ಕುದರಿ ಸ್ವಲ್ಪ ದಪ್ಪ ಆಗೈತಿ ಅಂತ. ಕೈರೋದಾಗ ಚಲೋ ಮೇವು ಹಾಕ್ಯಾರ ಅಂದ್ಕೊಂಡ ಸುಮ್ಮನಾದೆ.”

ಯಾರೂ ನಗಲಿಲ್ಲ. ಆಮೇಲೆ ಬಾಷಾರ ಹೊಟ್ಟೆ ಅಲುಗಿದ್ದು ಕಂಡಿತು. ಸುಸ್ತಾದವರ ನಗೆ ಅದು, ಸದ್ದು ಬರುವುದಿಲ್ಲ.

“ಇದನ್ನ ತೆಗೆದುಬಿಡೋಣ್ವಾ ಕಾಕಾ?” ಅಬೂನಾ ಕೇಳಿದರು. “ಬಟ್ಟೆಯಾದ್ರೂ ಮುಚ್ಚೋಣ್ವಾ?”

“ಯಾಕ? ಮೂವತ್ತೊಂದ್ ವರ್ಷ ದಿನಾ ಒರಸೇನಿ ಇದನ್ನ. ಎಷ್ಟ್ ಕೂಸುಗಳ ಬಾಯಿ ಹಚ್ಚ್ಯಾರ ಇದಕ್ಕ. ಮುಖ ಇಲ್ಲದ್ದು ಬರ್ಲಿ, ಬಾಜೂಕ ತೂಗ ಹಾಕೂಣು. ಮಂದಿಗೆ ಏನ ಹೇಳೋದು ಅದನ್ನ ನೀವ ಹೇಳ್ರಿ, ನನಗ ಗುಡಸೋದ ಐತಿ.”

ಅಬೂನಾ ಮುಖದ ಮೇಲೆ ಕೈಯಾಡಿಸಿಕೊಂಡರು. “ಭಾನುವಾರ ನಾನೇ ಹೇಳ್ತೀನಿ. ಬೈತಾರೆ. ಬೈಯಲಿ.” ಆಮೇಲೆ ಬಾಷಾ ಕಡೆ ತಿರುಗಿ, “ಡಿಸ್ಕ್ ಸಿಕ್ತಲ್ಲ. ದೂರು ವಾಪಸು ತಗೊಂಡ್ರೆ ಆಗಲ್ವಾ?” ಎಂದರು.

“ಡಿಸ್ಕ್ ವಿಷಯ ಮರೀಬಹುದು ಅಬೂನಾ. ಪಟ ಸರ್ಕಾರದ ಪಟ್ಟಿಯಲ್ಲಿರೋದು. ಅದನ್ನ ಮರೆಯೋಕೆ ನನಗೆ ಅಧಿಕಾರ ಇಲ್ಲ.” ಬಾಷಾ ಮಂಡಿ ಹಿಡಿದು ಎದ್ದರು. “ಈ ದೂರು ನಾಲ್ಕು ತಿಂಗಳು ತಡವಾಗಿ ಬಂದಿದ್ರೆ ಬೇರೆ ಯಾರೋ ಬರ್ತಿದ್ರು. ನನ್ನ ಹಣೆಬರಹ.”

ಹೇಳಿಕೆ ಬರೆದು ಮುಗಿಸುವಷ್ಟರಲ್ಲಿ ಸೂರ್ಯ ಇಳಿದಿದ್ದ. ಊರೊಳಗಿನ ಮಸೀದಿಯಿಂದ ಕೂಗು ಬಂತು. ಹಿನೈನ್ ಒಂದು ತಟ್ಟೆಯಲ್ಲಿ ಖರ್ಜೂರ, ಎರಡು ಲೋಟ ನೀರು ತಂದು ನಮ್ಮ ಮುಂದಿಟ್ಟ. ಹಿಂದೆಯೇ ಬಿಸಿಲು ರೊಟ್ಟಿ, ಎಣ್ಣೆ ಹಾಕಿದ ಹುರುಳಿ. ಉಸ್ತಾಜರ ಮುಂದೆಯೂ ಒಂದು ತಟ್ಟೆ ಇಟ್ಟ. ಉಸ್ತಾಜ್ ರೊಟ್ಟಿ ಮುರಿದರು, ಬಾಯಿಗಿಡಲಿಲ್ಲ.

ಜಿಲ್ಲೆಯ ದೊಡ್ಡ ಠಾಣೆ ಇರುವ ಸೋಹಾಗಿಗೆ ಮುಕ್ಕಾಲು ಗಂಟೆಯ ದಾರಿ. ಅವರನ್ನು ಜೀಪಿನ ಹಿಂದೆ ಕೂರಿಸಿದೆ. ಬೇಡಿ ಹಾಕಲು ಬಾಷಾ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೀಗ ತಿರುಗಿಸುವಾಗ ಫಿಬ್ರೋನಿಯಾ ಓಡಿ ಬಂದಳು. ಕೈಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು, ಅದರ ಬೆಳಕು ಅವಳ ಗಲ್ಲದ ಮೇಲೆ ಬೀಳುತ್ತಿತ್ತು. ಬೆಳಗಿನಿಂದ ಅತ್ತವಳ ಹಾಗೆ ಕಾಣುತ್ತಿರಲಿಲ್ಲ. ಕೆಲಸದಲ್ಲಿದ್ದವಳ ಹಾಗೆ ಕಾಣುತ್ತಿದ್ದಳು.

“ಉಸ್ತಾಜ್,” ಎಂದಳು ಕಿಟಕಿಯ ಹತ್ತಿರ ನಿಂತು. “ಪ್ರತಿ ಪಟದ ಕಡತಕ್ಕೂ ‘ಬರೆದವರು’ ಅಂತ ಒಂದು ಜಾಗ ಇದೆಯಲ್ಲ. ಉಳಿದ ಹತ್ತಕ್ಕೂ ‘ಗೊತ್ತಿಲ್ಲ’ ಅಂತ ಹಾಕಿದ್ದೀನಿ. ಇದಕ್ಕೆ ಏನು ಹಾಕಲಿ?”

ಅವರು ಅವಳ ಮುಖ ನೋಡಿದರು. ಅವಳು ನೋಟ ತಪ್ಪಿಸಲಿಲ್ಲ.

“ವಹ್ಬಾ ಫಹೀಮ್,” ಎಂದರು ಕೊನೆಗೆ. “ಶುಬ್ರಾ.”

“ವರ್ಷ?”

ವರ್ಷವನ್ನೂ ಹೇಳಿದರು. ಅವಳು ನಿಂತಲ್ಲೇ ಟೈಪು ಮಾಡಿದಳು. ಓದಿ ಹೇಳಿದಳು. ಸರಿ ಅಂತ ಅವರು ತಲೆಯಾಡಿಸಿದರು.

“ನಡಿ ರಶ್ವಾನ್,” ಎಂದರು ಮಖ್ಲೂಫ್ ಬಾಷಾ.